ಮೂರನೇ ಬೇ ಕಟ್ಟಬೇಕೇ, ಅದಕ್ಕೂ ಮೊದಲು ಸಿಮ್ಯುಲೇಶನ್ ಮಾಡಿಸಬೇಕೇ?

ಓದುಗರ ಪ್ರಶ್ನೆ: ನಾನು ಖಾಸಗಿ ಡೇರಿಯೊಂದರಲ್ಲಿ ಕಾರ್ಯಾಚರಣೆ ವಿಭಾಗದ ವ್ಯವಸ್ಥಾಪಕ. ನಮ್ಮಲ್ಲಿಗೆ ದಿನಕ್ಕೆ ಸುಮಾರು 36 ಟ್ಯಾಂಕರ್ ಹಾಲು ಬರುತ್ತದೆ, ಒಂದೊಂದರಲ್ಲಿ ಸರಾಸರಿ 12,000 ಲೀಟರ್. ಹಾಲು ಇಳಿಸಿಕೊಳ್ಳಲು ಎರಡು ಬೇಗಳಿವೆ, ಅಂದರೆ ಟ್ಯಾಂಕರ್ ನಿಲ್ಲಿಸಿ ಪಂಪು ಹಚ್ಚುವ ಜಾಗಗಳು. ಹಾಲು ಇಳಿಸಿ, ಟ್ಯಾಂಕರ್ ತೊಳೆದು ಹೊರಗೆ ಬಿಡಲು ಸುಮಾರು 50 ನಿಮಿಷ ಬೇಕು. ಅದರಲ್ಲಿ 20 ನಿಮಿಷ ತೊಳೆಯುವುದಕ್ಕೇ ಹೋಗುತ್ತದೆ. ಕಚ್ಚಾ ಹಾಲನ್ನು ಕೂಡಿಡಲು ತಲಾ 60,000 ಲೀಟರಿನ ಎರಡು ಸೈಲೋಗಳಿವೆ, ಅಂದರೆ ದೊಡ್ಡ ತೊಟ್ಟಿಗಳು. ಪಾಶ್ಚರೀಕರಣದ ಸಾಮರ್ಥ್ಯ ಗಂಟೆಗೆ 25,000 ಲೀಟರ್. ಎಕ್ಸೆಲ್ ಲೆಕ್ಕದ ಪ್ರಕಾರ ಬೇಗಳ ಬಳಕೆ ಶೇ 62.5 ಮಾತ್ರ. ಹಾಗಿದ್ದರೂ ಮಧ್ಯಾಹ್ನ 1 ಗಂಟೆಯ ಹೊತ್ತಿಗೆ ಬಂದ ಟ್ಯಾಂಕರ್ ಮೂರು ಗಂಟೆಗೂ ಮೀರಿ ಕಾಯುತ್ತದೆ. ಚಾಲಕರ ಜಗಳ, ಸಾಗಣೆದಾರರ ಹೆಚ್ಚುವರಿ ಬಿಲ್ಲು, ಬೇಸಿಗೆಯಲ್ಲಿ ಹಾಲು ಹುಳಿಯಾಗುವ ಭಯ ಎಲ್ಲವೂ ಇವೆ. ಆಡಳಿತ ಮಂಡಳಿಯವರು ಮೂರನೇ ಬೇ ಕಟ್ಟೋಣ ಎನ್ನುತ್ತಾರೆ. ಸಲಹೆಗಾರರೊಬ್ಬರು ಮೊದಲು ಸಿಮ್ಯುಲೇಶನ್ ಮಾಡೆಲ್ ಮಾಡಿಸಿ, ಅಂದರೆ ಘಟಕದ ಕೆಲಸವನ್ನು ಕಂಪ್ಯೂಟರಿನಲ್ಲಿ ಅಣಕು ಓಡಿಸಿ ನೋಡಿ ಎಂದರು. ನಮ್ಮ ಹಿರಿಯ ನಿರ್ದೇಶಕರು ಅದನ್ನು ‘ಕಂಪ್ಯೂಟರ್ ಆಟ’ ಎಂದು ತಳ್ಳಿಹಾಕಿದ್ದಾರೆ. ಯಾರ ಮಾತು ಸರಿ? ಅರ್ಧದಷ್ಟು ಟ್ಯಾಂಕರ್ ಬರುವುದು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ; ಬೆಳಿಗ್ಗೆ 9ಕ್ಕೆ ಸೈಲೋಗಳಲ್ಲಿ ಸಾಮಾನ್ಯವಾಗಿ 50,000 ಲೀಟರ್ ಹಾಲು ಇರುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಾಗದದ ಮೇಲೆ ಸಾಮರ್ಥ್ಯ ಮಿಗುತ್ತಿರುವಾಗ ಅಂಗಳದಲ್ಲಿ ಸಾಲು ಏಕೆ ಬೆಳೆಯುತ್ತದೆ ಎಂಬುದು ಮೊದಲನೆಯದು. ಅದನ್ನು ತಿಳಿಯಲು ಸಿಮ್ಯುಲೇಶನ್ನಿಗೆ ಹಣ ಸುರಿಯಬೇಕೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬಹುಪಾಲು ಉತ್ತರ ನೀವು ಕಳಿಸಿದ ಅಂಕಿಗಳಲ್ಲೇ ಇದೆ; ಅದನ್ನು ಬಿಡಿಸಿ ನೋಡಿದರೆ ಎರಡನೆಯದರ ಉತ್ತರವೂ ತಾನಾಗಿ ಸಿಗುತ್ತದೆ.

ನಿಮ್ಮ ಎಕ್ಸೆಲ್ ಹಾಳೆ ಸುಳ್ಳು ಹೇಳುತ್ತಿಲ್ಲ. 36 ಟ್ಯಾಂಕರಿಗೆ 50 ನಿಮಿಷದಂತೆ 1,800 ನಿಮಿಷ ಬೇಕು. ಎರಡು ಬೇಗಳ ಒಂದು ದಿನವೆಂದರೆ 2,880 ನಿಮಿಷ. ಆದರೆ ಈ ಭಾಗಾಕಾರದಲ್ಲಿ ರಾತ್ರಿ 2 ಗಂಟೆಗೆ ಖಾಲಿ ಬಿದ್ದ ಬೇಯೂ ಹಗಲು 11 ಗಂಟೆಗೆ ದುಡಿಯುವ ಬೇಯೂ ಒಂದೇ. ರಾತ್ರಿಯ ಬಿಡುವನ್ನು ಕೂಡಿಟ್ಟುಕೊಂಡು ಹಗಲಿನಲ್ಲಿ ಖರ್ಚು ಮಾಡಲು ಬರುವುದಿಲ್ಲ. ಅರ್ಧದಷ್ಟು, ಅಂದರೆ 18 ಟ್ಯಾಂಕರ್‌ಗಳು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ ಬರುತ್ತವೆ ಎಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ನಾಲ್ಕು ಗಂಟೆಗಳಲ್ಲಿ ಎರಡು ಬೇಗಳಿಗೆ ಇರುವುದು 480 ನಿಮಿಷ. ಅಷ್ಟರಲ್ಲಿ ಮುಗಿಯುವುದು ಒಂಬತ್ತೂವರೆ ಟ್ಯಾಂಕರ್. ಮಿಕ್ಕ ಎಂಟಕ್ಕೂ ಹೆಚ್ಚು ಟ್ಯಾಂಕರ್ 1 ಗಂಟೆಗೆ ಸಾಲಿನಲ್ಲೇ ಇರುತ್ತವೆ. ಪ್ರತಿ 25 ನಿಮಿಷಕ್ಕೆ ಒಂದು ಹೊರಬಿದ್ದರೆ ಕೊನೆಯದರ ಸರದಿ ಬರುವುದು 4 ಗಂಟೆ 20 ನಿಮಿಷದ ಆಸುಪಾಸಿಗೆ. ನೀವು ಕಣ್ಣಾರೆ ನೋಡುತ್ತಿರುವ ಮೂರು ಗಂಟೆಗೂ ಮೀರಿದ ಕಾಯುವಿಕೆ ಇದೇ. ಇದನ್ನು ಕಂಡುಕೊಳ್ಳಲು ಯಾವ ಸಾಫ್ಟ್‌ವೇರೂ ಬೇಕಿರಲಿಲ್ಲ. ನಿಮ್ಮ ಸಲಹೆಗಾರರು ಇಷ್ಟು ಲೆಕ್ಕವನ್ನೂ ಮಾಡಿ ತೋರಿಸದೆ ಮಾಡೆಲ್ ಮಾತು ಎತ್ತಿದ್ದರೆ ಅವರ ಬಗ್ಗೆ ಸ್ವಲ್ಪ ಎಚ್ಚರದಿಂದಿರಿ.

ಇದರ ಜೊತೆಗೆ ಇನ್ನೊಂದು ಕಾರಣವಿದೆ, ಅದು ಏರಿಳಿತ. 50 ನಿಮಿಷ ಎಂಬುದು ಸರಾಸರಿ. ಒಂದು ಟ್ಯಾಂಕರ್ 38 ನಿಮಿಷಕ್ಕೆ ಮುಗಿದರೆ ಇನ್ನೊಂದು ಗ್ಯಾಸ್ಕೆಟ್ ಸೋರಿಯೋ ಪಂಪು ಗಾಳಿ ಹಿಡಿದೋ ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತದೆ. ಹಿಂದೆ ಯಾರೂ ಇಲ್ಲದಾಗ ಬೇಗ ಮುಗಿದರೆ ಸಿಕ್ಕ ಬಿಡುವು ವ್ಯರ್ಥವಾಗುತ್ತದೆ, ತಡವಾದದ್ದು ಮಾತ್ರ ಹಿಂದಿನವರೆಲ್ಲರ ತಲೆಯ ಮೇಲೆ ಬೀಳುತ್ತದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಕರೆಗಳ ದಟ್ಟಣೆಯ ವಿಚಾರದಲ್ಲಿ ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು. 1961ರಲ್ಲಿ ಬ್ರಿಟಿಷ್ ಗಣಿತಜ್ಞ ಕಿಂಗ್‌ಮನ್ ಒಂದೇ ಕಿಂಡಿಯ ಸಾಲಿಗೆ ಕೊಟ್ಟ ಅಂದಾಜು ಸೂತ್ರದಲ್ಲಿ ಬಳಕೆಯ ಪ್ರಮಾಣ ಶೇ 80 ಇದ್ದಾಗ ಕಾಯುವಿಕೆಯನ್ನು ಹಿಗ್ಗಿಸುವ ಗುಣಕ 4. ಶೇ 90ಕ್ಕೆ ಅದು 9. ಶೇ 95ಕ್ಕೆ 19. ಶೇ 80ರಿಂದ 95ಕ್ಕೆ ಹೋದರೆ ಕೆಲಸ ಹೆಚ್ಚುವುದು ಐದರಲ್ಲೊಂದು ಪಾಲಿಗೂ ಕಡಿಮೆ, ಕಾಯುವಿಕೆ ಹೆಚ್ಚುವುದು ಸುಮಾರು ಐದು ಪಟ್ಟು. ಅದೇ ಸೂತ್ರದಲ್ಲಿ ಇನ್ನೊಂದು ಗುಣಕವಿದೆ: ಬರುವ ಹೊತ್ತು ಮತ್ತು ಕೆಲಸದ ಅವಧಿ ಎರಡರ ಏರಿಳಿತ. ಅದು ಅರ್ಧಕ್ಕಿಳಿದರೆ ಕಾಯುವಿಕೆಯೂ ಅರ್ಧಕ್ಕಿಳಿಯುತ್ತದೆ, ಹೊಸ ಬೇ ಕಟ್ಟದೆಯೇ. ಸಾಮರ್ಥ್ಯ ಯೋಜನೆಯ ಸಭೆಗಳಲ್ಲಿ ಈ ಎರಡನೆಯ ಗುಣಕದ ಮಾತು ಬರುವುದೇ ಅಪರೂಪ.

ಹಾಗಾದರೆ ಮೂರನೇ ಬೇ ಕಟ್ಟಿದರೆ ಏನಾಗುತ್ತದೆ? ಅದೇ ನಾಲ್ಕು ಗಂಟೆಗಳಲ್ಲಿ 720 ನಿಮಿಷ ಸಿಗುತ್ತದೆ, ಹದಿನಾಲ್ಕು ಚಿಲ್ಲರೆ ಟ್ಯಾಂಕರ್ ಮುಗಿಯುತ್ತವೆ, ಕೊನೆಯ ಟ್ಯಾಂಕರಿನ ಕಾಯುವಿಕೆ ಸುಮಾರು ಒಂದು ಗಂಟೆಗೆ ಇಳಿಯುತ್ತದೆ. ಚೆನ್ನಾಗಿದೆ. ಆದರೆ ತೊಳೆಯುವ ಕೆಲಸವನ್ನು ಬೇಯಿಂದ ಹೊರಗೆ, ಅಂಗಳದ ಇನ್ನೊಂದು ಮೂಲೆಯ ಸಿಐಪಿ (ಬಿಚ್ಚದೆಯೇ ಒಳಗಿಂದ ತೊಳೆಯುವ) ಲೈನಿಗೆ ಸಾಗಿಸಿದರೆ ಒಂದು ಟ್ಯಾಂಕರ್ ಬೇಯಲ್ಲಿ ನಿಲ್ಲುವುದು 30 ನಿಮಿಷ ಮಾತ್ರ. ಈಗಿರುವ ಎರಡೇ ಬೇಗಳಲ್ಲಿ 16 ಟ್ಯಾಂಕರ್ ಮುಗಿಯುತ್ತವೆ. ಕೊನೆಯದು ಕಾಯುವುದು ಅರ್ಧ ಗಂಟೆ. ಹೊಸ ಬೇ ಎಂದರೆ ಹೊಸ ಪಂಪು, ಹೊಸ ಪೈಪು, ಹಾಲು ತಣಿಸುವ ಚಿಲ್ಲರಿನ ಮೇಲೆ ಹೊಸ ಹೊರೆ. ತೊಳೆಯುವ ಜಾಗಕ್ಕೆ ಬೇಕಾದದ್ದು ಕಾಸ್ಟಿಕ್, ಆಸಿಡ್, ಬಿಸಿನೀರಿನ ಸಂಪರ್ಕ ಮತ್ತು ಒಂದು ಗಟ್ಟಿ ನೆಲ. ಇಲ್ಲಿಗೆ ನಿಲ್ಲಿಸಿದ್ದರೆ ‘ಬೇ ಬೇಡ, ತೊಳೆಯುವ ಜಾಗ ಕಟ್ಟಿ’ ಎಂದು ಬರೆದು ನಾನು ಕೈ ತೊಳೆದುಕೊಳ್ಳಬಹುದಿತ್ತು.

ಆದರೆ ಇಳಿಸಿದ ಹಾಲು ಎಲ್ಲಿಗೆ ಹೋಗುತ್ತದೆ? ಸದ್ಯ ಗಂಟೆಗೆ ಸುಮಾರು 28,800 ಲೀಟರ್ ಒಳಬರುತ್ತಿದೆ, 25,000 ಲೀಟರ್ ಪಾಶ್ಚರೀಕರಣಕ್ಕೆ ಹೋಗುತ್ತಿದೆ. ಸೈಲೋದಲ್ಲಿ ಹಾಲಿನ ಮಟ್ಟ ನಿಧಾನವಾಗಿ ಏರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ತೊಳೆಯುವುದನ್ನು ಹೊರಗೆ ಹಾಕಿದ ಮೇಲೆ ಗಂಟೆಗೆ 48,000 ಲೀಟರ್ ಒಳಬರುತ್ತದೆ. ಬೆಳಿಗ್ಗೆ 9ಕ್ಕೆ ಸೈಲೋಗಳಲ್ಲಿ ಸಾಮಾನ್ಯವಾಗಿ 50,000 ಲೀಟರ್ ಇರುತ್ತದೆ ಎಂದಿದ್ದೀರಿ. ಅಂದರೆ ಉಳಿದ ಜಾಗ 70,000 ಲೀಟರಿನದು. ಗಂಟೆಗೆ 23,000 ಲೀಟರಿನಂತೆ ತುಂಬುತ್ತಾ ಹೋದರೆ 12 ಗಂಟೆ ದಾಟುತ್ತಲೇ ಎರಡೂ ಸೈಲೋಗಳು ಭರ್ತಿ. ಆ ಬಳಿಕ ಬೇ ಎಷ್ಟೇ ಚುರುಕಾಗಿದ್ದರೂ ಪಾಶ್ಚರೀಕರಣ ಎಳೆದುಕೊಂಡಷ್ಟನ್ನೇ ಇಳಿಸಲು ಸಾಧ್ಯ, ಗಂಟೆಗೆ ಎರಡು ಟ್ಯಾಂಕರ್. ಅರ್ಧ ಗಂಟೆ ಎಂದಿದ್ದ ಕಾಯುವಿಕೆ ಮತ್ತೆ ಎರಡು ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಮೂರನೇ ಬೇ ಕಟ್ಟಿದರೂ ಸೈಲೋ ಇಷ್ಟೇ ಇರುವುದರಿಂದ ಕಾಯುವಿಕೆ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆಯಷ್ಟಕ್ಕೆ ಬಂದು ನಿಲ್ಲುತ್ತದೆ. ಎರಡು ಬೇರೆ ಬೇರೆ ಬಂಡವಾಳ, ಫಲ ಹೆಚ್ಚುಕಡಿಮೆ ಒಂದೇ. ಏಕೆಂದರೆ ಇಕ್ಕಟ್ಟು ಬೇಯಿಂದ ಸೈಲೋಗೆ ಜಾರಿಬಿಟ್ಟಿದೆ.

ಸಿಮ್ಯುಲೇಶನ್ ಬೇಕಾಗುವುದು ಈ ಘಟ್ಟದಲ್ಲಿ. ಮೇಲಿನ ಲೆಕ್ಕದಲ್ಲಿ ನಾನು ಎಲ್ಲವೂ ನೀರಿನಂತೆ ಸಮನಾಗಿ ಹರಿಯುತ್ತದೆ ಎಂದುಕೊಂಡೆ. ನಿಜದಲ್ಲಿ ಟ್ಯಾಂಕರ್‌ಗಳು ಎರಡು ಮೂರು ಒಟ್ಟಿಗೆ ಬರುತ್ತವೆ. ಹಸುವಿನ ಹಾಲು, ಎಮ್ಮೆಯ ಹಾಲು ಬೇರೆ ಬೇರೆ ಇಡುವವರಾದರೆ ಒಂದು ಸೈಲೋ ಖಾಲಿ ಇದ್ದರೂ ಇನ್ನೊಂದರ ಟ್ಯಾಂಕರ್ ಕಾಯಲೇಬೇಕು. ಸೈಲೋವನ್ನೇ ತೊಳೆಯುವ ಹೊತ್ತಿನಲ್ಲಿ ನಿಮ್ಮ ಸಂಗ್ರಹ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. ಲ್ಯಾಬಿನ ವಿಷಯ ಇನ್ನೂ ಸ್ವಾರಸ್ಯದ್ದು. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಆಮ್ಲೀಯತೆ, ಕಲಬೆರಕೆ ಪರೀಕ್ಷೆಗಳಿಗೆ ಹಿಡಿಯುವ ಸಮಯ ಈಗ ಸಾಲಿನೊಳಗೆ ಅಡಗಿ ಹೋಗಿದೆ. ಟ್ಯಾಂಕರ್ ಹೇಗೂ ಕಾಯುತ್ತಿರುತ್ತದೆ, ಅಷ್ಟರಲ್ಲಿ ವರದಿ ಬಂದಿರುತ್ತದೆ. ಸಾಲು ಕರಗಿದ ದಿನ ಬೇ ಖಾಲಿ ಇದ್ದು, ಟ್ಯಾಂಕರ್ ಎದುರಿಗೇ ನಿಂತು, ಲ್ಯಾಬಿನ ಚೀಟಿಗಾಗಿ ಎಲ್ಲರೂ ಬಾಗಿಲು ನೋಡುತ್ತಿರುತ್ತಾರೆ. ಹೀಗೆ ಒಂದರ ಕೊಂಡಿ ಇನ್ನೊಂದಕ್ಕೆ ಸಿಕ್ಕಿಕೊಂಡು, ಪ್ರತಿಯೊಂದರಲ್ಲೂ ಏರಿಳಿತವಿರುವಾಗ ಕೈಲೆಕ್ಕ ಸೋಲುತ್ತದೆ, ಸೂತ್ರವೂ ಸೋಲುತ್ತದೆ.

ಸಿಮ್ಯುಲೇಶನ್ ಮಾಡುವುದಿಷ್ಟೇ. ಕಂಪ್ಯೂಟರಿನೊಳಗೆ ಒಂದು ಗಡಿಯಾರವಿರುತ್ತದೆ. ಅದು ಸೆಕೆಂಡು ಸೆಕೆಂಡು ಓಡದೆ ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತದೆ: 9.07ಕ್ಕೆ ಒಂದು ಟ್ಯಾಂಕರ್ ಗೇಟಿಗೆ ಬಂತು, 9.12ಕ್ಕೆ ವೇಬ್ರಿಡ್ಜ್ ಬಿಟ್ಟಿತು, 9.31ಕ್ಕೆ ಲ್ಯಾಬ್ ಒಪ್ಪಿಗೆ ಕೊಟ್ಟಿತು, ಬೇ ಖಾಲಿಯಿಲ್ಲ, ಸಾಲಿಗೆ ಸೇರಿತು. ಪ್ರತಿ ಹಂತದ ಅವಧಿಯನ್ನು ಸರಾಸರಿಯಿಂದ ಅಲ್ಲ, ನಿಮ್ಮಲ್ಲೇ ಅಳೆದ ಅವಧಿಗಳ ಹರಡುವಿಕೆಯಿಂದ ಚೀಟಿ ಎತ್ತಿದಂತೆ ಎತ್ತಿಕೊಳ್ಳಲಾಗುತ್ತದೆ. ಹೀಗೆ ಒಂದು ಇಡೀ ದಿನ ಓಡಿಸಿ, ಮತ್ತೆ ಬೇರೆ ಚೀಟಿಗಳೊಂದಿಗೆ ಇನ್ನೊಂದು ದಿನ, ಹಾಗೆ ನೂರಾರು ದಿನ. ಈ ವಿದ್ಯೆ ಹೊಸತಲ್ಲ. ಐಬಿಎಂನಲ್ಲಿ ಜೆಫ್ರಿ ಗಾರ್ಡನ್ ಇದಕ್ಕೆಂದೇ ಜಿಪಿಎಸ್‌ಎಸ್ ಎಂಬ ಭಾಷೆ ರೂಪಿಸಿದ್ದು 1961ರಲ್ಲಿ, ಕಿಂಗ್‌ಮನ್ ಸೂತ್ರ ಬಂದ ವರ್ಷವೇ. ನಿಮ್ಮ ನಿರ್ದೇಶಕರು ಆಟ ಎಂದದ್ದು ಬಹುಶಃ ಪರದೆಯ ಮೇಲೆ ಪುಟ್ಟ ಟ್ಯಾಂಕರ್‌ಗಳು ಓಡಾಡುವ ಬಣ್ಣದ ಚಿತ್ರವನ್ನು ನೋಡಿ. ಆ ಚಿತ್ರದ ಬಗ್ಗೆ ನನಗೂ ಅಂಥ ಗೌರವವಿಲ್ಲ. ತಪ್ಪು ಅಂಕಿಯ ಮಾಡೆಲ್ ಕೂಡ ಅಷ್ಟೇ ಅಂದವಾಗಿ ಓಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ, ಮಾಡೆಲ್ ನಮಗೆ ಅತ್ಯುತ್ತಮ ಪರಿಹಾರವನ್ನು ಹುಡುಕಿಕೊಡುತ್ತದೆ ಎಂಬುದು. ಅದು ನೀವು ಕೇಳಿದ ‘ಹೀಗೆ ಮಾಡಿದರೆ?’ಗೆ ಮಾತ್ರ ಉತ್ತರ ಕೊಡುತ್ತದೆ. ತೊಳೆಯುವುದನ್ನು ಹೊರಗೆ ಹಾಕಿದರೆ ಎಂದು ಯಾರೂ ಕೇಳದಿದ್ದರೆ ಅದು ಮೂರನೇ ಬೇ, ನಾಲ್ಕನೇ ಬೇಗಳನ್ನೇ ಹೋಲಿಸುತ್ತಾ ಕೂರುತ್ತದೆ. ವರ್ಷಗಟ್ಟಲೆ ದತ್ತಾಂಶ ಬೇಕು ಎಂಬ ಹೆದರಿಕೆಗೂ ಆಧಾರವಿಲ್ಲ; ಶಿಸ್ತಿನಿಂದ ಬರೆದ ಎರಡು ಮೂರು ವಾರಗಳ ಸಮಯಗಳು ಅಶಿಸ್ತಿನ ಮೂರು ವರ್ಷಗಳಿಗಿಂತ ಮೇಲು.

ಈ ಅಶಿಸ್ತಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ನಾನು ಕೈ ಸುಟ್ಟುಕೊಂಡದ್ದು ಅಲ್ಲಿಯೇ. ಕೆಲವು ವರ್ಷಗಳ ಹಿಂದೆ ಒಂದು ಘಟಕಕ್ಕಾಗಿ ಮಾಡೆಲ್ ಕಟ್ಟಿದೆ. ಗೇಟ್ ರಿಜಿಸ್ಟರಿನ ಆರು ತಿಂಗಳ ದಾಖಲೆಯನ್ನೆಲ್ಲ ತುಂಬಿ ಓಡಿಸಿದರೆ ಸಾಲೇ ಕಾಣಿಸಲಿಲ್ಲ; ಎಲ್ಲ ಟ್ಯಾಂಕರೂ ಒಂದು ಗಂಟೆಯೊಳಗೆ ಹೊರಗೆ. ಹೊರಗಡೆ ರಸ್ತೆಯ ಮೇಲೆ ಮಾತ್ರ ಟ್ಯಾಂಕರ್‌ಗಳು ಸಾಲಾಗಿ ನಿಂತಿದ್ದವು. ಕೊನೆಗೆ ಎರಡು ದಿನ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು ನೋಡಿದೆ. ಒಳಗೆ ಜಾಗವಿಲ್ಲದಾಗ ಕಾವಲುಗಾರರು ಟ್ಯಾಂಕರನ್ನು ರಸ್ತೆಯಲ್ಲೇ ನಿಲ್ಲಿಸಿ, ಒಳಗೆ ಬಿಟ್ಟ ಮೇಲೆ ರಿಜಿಸ್ಟರಿನಲ್ಲಿ ‘ಇನ್ ಟೈಮ್’ ಬರೆಯುತ್ತಿದ್ದರು. ಕಾಯುವಿಕೆಯೆಲ್ಲ ದಾಖಲೆಯ ಹೊರಗೆ. ಅವರನ್ನು ದೂರುವಂತಿಲ್ಲ, ಒಳಗೆ ಬಂದ ಸಮಯ ಬರೆಯಿರಿ ಎಂದು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಸಮಯಗಳೂ ಹೆಚ್ಚಾಗಿ ಕಾಲು ಗಂಟೆಯ ಗುಣಕಗಳು: 10.15, 10.30, 10.45. ನಾನು ಮೊದಲ ದಿನವೇ ಆ ಬೆಂಚಿನ ಮೇಲೆ ಕುಳಿತಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಆದ್ದರಿಂದ ಮೊದಲು ಮೂರು ವಾರ ಪ್ರತಿ ಟ್ಯಾಂಕರಿಗೆ ಒಂದು ಚೀಟಿ ಕೊಡಿಸಿ. ರಸ್ತೆಗೆ ಬಂದ ಹೊತ್ತು, ಗೇಟು ದಾಟಿದ ಹೊತ್ತು, ಮಾದರಿ ತೆಗೆದ ಹೊತ್ತು, ಲ್ಯಾಬ್ ಒಪ್ಪಿದ ಹೊತ್ತು, ಬೇ ಸೇರಿದ ಹೊತ್ತು, ಪಂಪು ಶುರುವಾದ ಮತ್ತು ನಿಂತ ಹೊತ್ತು, ತೊಳೆದು ಮುಗಿದ ಹೊತ್ತು, ಇಷ್ಟನ್ನು ಮೊಬೈಲ್ ಗಡಿಯಾರ ನೋಡಿ ಬರೆಸಿ. ಜೊತೆಗೆ ಅರ್ಧ ಗಂಟೆಗೊಮ್ಮೆ ಸೈಲೋ ಮಟ್ಟ. ಪಂಪು ನಡುವೆ ನಿಂತಿದ್ದರೆ ಕಾರಣವನ್ನು ಎರಡು ಪದಗಳಲ್ಲಿ ಬರೆಯಲಿ: ಕರೆಂಟು, ಸೈಲೋ ಭರ್ತಿ, ಗ್ಯಾಸ್ಕೆಟ್. ಈ ಚೀಟಿಗಳನ್ನು ನೋಡುತ್ತಿದ್ದಂತೆಯೇ ಕೆಲವು ಪರಿಹಾರಗಳು ಮಾಡೆಲ್ ಇಲ್ಲದೆಯೇ ಹೊಳೆಯುತ್ತವೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಒಲವು ಎರಡನ್ನು ಜೋಡಿಸುವ ಕಡೆಗೆ: ತೊಳೆಯುವುದನ್ನು ಹೊರಗೆ ಹಾಕುವುದು, ಮತ್ತು ಬೆಳಿಗ್ಗೆ 9ರ ಹೊತ್ತಿಗೆ ಸೈಲೋಗಳಲ್ಲಿ 50,000ದ ಬದಲು 10,000 ಲೀಟರ್ ಮಾತ್ರ ಉಳಿಯುವಂತೆ ಮುಂಜಾನೆಯ ಪಾಶ್ಚರೀಕರಣವನ್ನು ಈಗಿನದಕ್ಕಿಂತ ಬೇಗ ಶುರು ಮಾಡುವುದು. 40,000 ಲೀಟರ್ ಎಂದರೆ ಒಂದೂವರೆ ಗಂಟೆಗಿಂತ ತುಸು ಹೆಚ್ಚಿನ ಓಟ. ಆಗ 1,10,000 ಲೀಟರಿನ ಜಾಗ ಸಿಗುತ್ತದೆ, ನಾಲ್ಕು ಗಂಟೆಗಳಲ್ಲಿ ಏರುವುದು 92,000; ಅರ್ಧ ಗಂಟೆಯ ಕಾಯುವಿಕೆ ಉಳಿದುಕೊಳ್ಳುತ್ತದೆ. ಇದರ ಅಪಾಯ ಮುಂದಿನ ಹಂತದ್ದು. ಪಾಶ್ಚರೀಕರಿಸಿದ ಹಾಲನ್ನು ಇಡುವ ಟ್ಯಾಂಕುಗಳಲ್ಲಿ ಆ ಹೊತ್ತಿಗೆ ಜಾಗವಿದೆಯೇ, ಪ್ಯಾಕಿಂಗ್ ಪಾಳಿ ಅದಕ್ಕೆ ಹೊಂದುತ್ತದೆಯೇ ಎಂದು ನೋಡದೆ ಹೊರಟರೆ ಇಕ್ಕಟ್ಟನ್ನು ಇನ್ನೊಂದು ಮನೆ ಮುಂದಕ್ಕೆ ತಳ್ಳಿದಂತಾಗುತ್ತದೆ. ನಿಮ್ಮ ಪತ್ರದಲ್ಲಿ ಆ ಟ್ಯಾಂಕುಗಳ ಅಳತೆ ಇಲ್ಲ. ಮಾಡೆಲ್‌ಗೆ ಅದು ಬೇಕೇ ಬೇಕು.

ಟ್ಯಾಂಕರ್‌ಗಳು ಬರುವ ಹೊತ್ತನ್ನು ಚದುರಿಸುವುದು ಹೇಳಲು ಸುಲಭ, ಮಾಡಲು ಕಷ್ಟ. ಹಸು ಕರೆಯುವ ಹೊತ್ತನ್ನು ನಾವು ಬದಲಿಸಲಾರೆವು. ಆದರೆ ಸಂಜೆಯ ಹಾಲು ರಾತ್ರಿಯಿಡೀ ಬಿಎಂಸಿಯಲ್ಲಿ (ಸಂಗ್ರಹ ಕೇಂದ್ರದ ತಣಿಸುವ ಟ್ಯಾಂಕಿನಲ್ಲಿ) ತಣ್ಣಗೆ ಕುಳಿತಿರುತ್ತದೆ. ಅದನ್ನು ಬೆಳಗಿನ ಹಾಲಿಗೆ ಕಾಯಿಸದೆ ನಸುಕಿನಲ್ಲೇ ಎತ್ತಿದರೆ ಐದಾರು ಟ್ಯಾಂಕರ್ 9ಕ್ಕೆ ಮೊದಲೇ ಬಂದು ಹೋಗುತ್ತವೆ. ಒಂದೇ ಸುತ್ತಿನಲ್ಲಿ ಎರಡೂ ಹೊತ್ತಿನ ಹಾಲು ಎತ್ತುವ ರೂಟುಗಳಲ್ಲಿ ಇದರಿಂದ ಓಟ ಹೆಚ್ಚಿ ಡೀಸೆಲ್ ಖರ್ಚು ಏರುತ್ತದೆ. ದೂರದ, ಹೆಚ್ಚು ಹಾಲಿನ ಕೆಲವೇ ರೂಟುಗಳಿಗೆ ಇದು ಗಿಟ್ಟೀತು. ಹೊಸ ಸೈಲೋ ಹಾಕುವುದು ಸುರಕ್ಷಿತ ದಾರಿಯಂತೆ ಕಂಡರೂ ಕಾಯುವಿಕೆಯನ್ನು ಟ್ಯಾಂಕರಿನಿಂದ ಸೈಲೋಗೆ ವರ್ಗಾಯಿಸುತ್ತದೆಯೇ ಹೊರತು ಬೇಯ ವೇಗವನ್ನು ಹೆಚ್ಚಿಸುವುದಿಲ್ಲ. ಮೂರನೇ ಬೇಯನ್ನು ನಾನು ಕೊನೆಗೆ ಇಡುತ್ತೇನೆ. ಮೂರೂ ಬೇಗಳು ಒಂದೇ ಚಿಲ್ಲರಿಗೆ ಹಾಲು ತಳ್ಳಿದರೆ ಒಂದೋ ಪಂಪು ನಿಧಾನ ಮಾಡಬೇಕು, ಇಲ್ಲವೇ ಸೈಲೋಗೆ ಬೆಚ್ಚಗಿನ ಹಾಲು ಸೇರುತ್ತದೆ. ಎರಡೂ ನಿಮಗೆ ಬೇಡವಾದದ್ದೇ.

ಹಾಲಿನ ಸುಗ್ಗಿಯನ್ನು ಮರೆಯಬೇಡಿ. 2024ರ ಮಳೆಗಾಲದಲ್ಲಿ ಕರ್ನಾಟಕ ಹಾಲು ಮಹಾಮಂಡಳದ ದಿನದ ಸಂಗ್ರಹವೇ ಒಂದು ಕೋಟಿ ಲೀಟರ್ ಮುಟ್ಟಿತ್ತು. ಅಂಥ ತಿಂಗಳುಗಳಲ್ಲಿ ನಿಮ್ಮ 36 ಟ್ಯಾಂಕರ್ 42 ಆದರೆ ಮೇಲಿನ ಯಾವ ಲೆಕ್ಕವೂ ಹಾಗೇ ಉಳಿಯುವುದಿಲ್ಲ. ಮಾಡೆಲನ್ನು ವರ್ಷದ ಸರಾಸರಿ ದಿನಕ್ಕಲ್ಲ, ಸುಗ್ಗಿಯ ದಿನಕ್ಕೆ ಓಡಿಸಿ ನೋಡಬೇಕು. ಉತ್ತರವನ್ನೂ ಒಂದೇ ಅಂಕಿಯಲ್ಲಿ ಕೇಳಬೇಡಿ. ‘ಸರಾಸರಿ 40 ನಿಮಿಷ’ ಎನ್ನುವುದಕ್ಕಿಂತ ‘ಹತ್ತರಲ್ಲಿ ಒಂಬತ್ತು ದಿನ ಯಾವ ಟ್ಯಾಂಕರೂ ಒಂದು ಗಂಟೆಗಿಂತ ಹೆಚ್ಚು ಕಾಯುವುದಿಲ್ಲ’ ಎಂಬ ಮಾತು ಸಾಗಣೆದಾರರೊಂದಿಗೆ ಒಪ್ಪಂದ ಬರೆಯಲು ಬಳಕೆಗೆ ಬರುತ್ತದೆ. ಪರ್ಯಾಯಗಳನ್ನು ಹೋಲಿಸುವಾಗ ಎಲ್ಲಕ್ಕೂ ಅದೇ ದಿನಗಳನ್ನು, ಅದೇ ತಡಗಳನ್ನು, ಅದೇ ಕರೆಂಟು ಕಡಿತಗಳನ್ನು ಎದುರಿಡಬೇಕು. ಒಂದಕ್ಕೆ ಒಳ್ಳೆಯ ದಿನ ಇನ್ನೊಂದಕ್ಕೆ ಕೆಟ್ಟ ದಿನ ಸಿಕ್ಕರೆ ಗೆದ್ದದ್ದು ಪರ್ಯಾಯವಲ್ಲ, ಅದೃಷ್ಟ.

ಖರ್ಚಿನ ಬಗ್ಗೆ ಹೇಳುವುದಾದರೆ, ನಿಮ್ಮ ಸಮಸ್ಯೆಯ ಗಾತ್ರಕ್ಕೆ ಅರೆನಾ ಅಥವಾ ಎನಿಲಾಜಿಕ್‌ನಂಥ ಸಿಮ್ಯುಲೇಶನ್ ಸಾಫ್ಟ್‌ವೇರಿನ ದುಬಾರಿ ಪರವಾನಗಿ ಅಗತ್ಯವಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಒಬ್ಬ ಎಂಜಿನಿಯರ್ ಉಚಿತವಾಗಿ ಸಿಗುವ ಸಿಂಪೈ ಲೈಬ್ರರಿಯಲ್ಲಿ ಇದನ್ನು ಕಟ್ಟಬಹುದು. ಕೋಡ್ ಬರೆಯಲು ಒಲ್ಲದವರಿಗೆ ಜಾಮ್‌ಸಿಮ್ ಕೂಡ ಉಚಿತ. ಸಮಯ ತಿನ್ನುವುದು ಕೋಡ್ ಅಲ್ಲ, ಮೇಲೆ ಹೇಳಿದ ಚೀಟಿಗಳು. ಸಲಹೆಗಾರರಿಗೇ ಕೆಲಸ ಕೊಡುವುದಾದರೆ ಮಾಡೆಲಿನ ಫೈಲು, ಅದರೊಳಗಿನ ಊಹೆಗಳ ಪಟ್ಟಿ ಎರಡೂ ನಿಮ್ಮ ಕೈಗೆ ಬರಬೇಕೆಂದು ಮೊದಲೇ ಬರೆಸಿಕೊಳ್ಳಿ; ಮುಂದಿನ ವರ್ಷ ಒಂದು ಟ್ಯಾಂಕರ್ ರೂಟು ಸೇರಿದಾಗ ಮತ್ತೆ ಅವರ ಬಾಗಿಲಿಗೆ ಹೋಗುವಂತಾಗಬಾರದು.

ನಿಮ್ಮ ನಿರ್ದೇಶಕರಿಗೆ ವಾದದಿಂದ ಮನವರಿಕೆ ಮಾಡಲು ಹೋಗಬೇಡಿ. ಮೂರು ವಾರಗಳಲ್ಲಿ ಎರಡು ವಾರದ ಚೀಟಿಗಳಿಂದ ಮಾತ್ರ ಮಾಡೆಲ್ ಕಟ್ಟಿಸಿ, ಮೂರನೇ ವಾರದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕಟ್ಟಿ ಮುಗಿದ ಮೇಲೆ ಆ ವಾರದ ಟ್ಯಾಂಕರ್‌ಗಳು ಬಂದ ಹೊತ್ತುಗಳನ್ನಷ್ಟೇ ಮಾಡೆಲಿಗೆ ಕೊಟ್ಟು, ಒಂದೊಂದು ದಿನದ ಸಾಲು ಎಷ್ಟುದ್ದ ಬೆಳೆಯಿತು, ಯಾವಾಗ ಕರಗಿತು ಎಂದು ಅದರಿಂದಲೇ ಹೇಳಿಸಿ. ಪಕ್ಕದಲ್ಲಿ ನಿಮ್ಮ ಶಿಫ್ಟ್ ಇನ್‌ಚಾರ್ಜ್ ಬೀಗ ತೆಗೆದ ಚೀಟಿಗಳನ್ನು ಹಿಡಿದು ಕೂರಲಿ. ಎರಡೂ ಹೆಚ್ಚುಕಡಿಮೆ ಹೊಂದಿದರೆ ಮುಂದಿನ ಮಾತು. ಹೊಂದದಿದ್ದರೆ ಬಿಲ್ಲಿಗೆ ಸಹಿ ಹಾಕಬೇಡಿ, ಮೂರನೇ ಬೇಯ ಟೆಂಡರನ್ನೂ ಕರೆಯಬೇಡಿ.